ಎಳೆಯುವುದೇನೋ ಎಳೆಯುತ್ತದೆ
ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಳ್ಳುವವರ ಕಣ್ಣು ಮೊದಲು ಬೀಳುವುದು ಪಿಕಪ್‌ನ ಜಾಹೀರಾತಿನ ಎಳೆಯುವ ಸಾಮರ್ಥ್ಯದ ಮೇಲೆ. ಅದು ದಪ್ಪಕ್ಷರದಲ್ಲಿರುತ್ತದೆ. ಗಾಡಿ ಹೊರಬಲ್ಲ ಭಾರ ಮಾತ್ರ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ತೆಪ್ಪಗೆ ಕೂತಿರುತ್ತದೆ. ಟ್ರೇಲರ್ ತನ್ನ ತೂಕದ ಶೇ. 10ರಿಂದ 15ರಷ್ಟನ್ನು ಕೊಂಡಿಯ ಮೂಲಕ ಗಾಡಿಯ ಮೇಲೆ ಹೇರುತ್ತದೆ. 7,000 ಪೌಂಡಿನ ಟ್ರೇಲರ್ ಆದರೆ, ಶೇ. 13ರ ಲೆಕ್ಕದಲ್ಲಿ 910 ಪೌಂಡ್. ಚೀಟಿಯಲ್ಲಿ 1,500 ಎಂದಿದ್ದರೆ ಉಳಿದದ್ದು 590. ಗಂಡ, ಹೆಂಡತಿ, ಮಕ್ಕಳು, ನಾಯಿ, ಇದ್ದಿಲೊಲೆ, ಕೊಂಡಿಯ ಕಬ್ಬಿಣ ಎಲ್ಲವೂ ಅಷ್ಟರಲ್ಲೇ ಸಂಸಾರ ಮಾಡಬೇಕು. ಮಾವನವರೂ ಬರುತ್ತೇನೆಂದರೆ ಅಡ್ಡಿ ಪ್ರೀತಿಯದಲ್ಲ, ಪೌಂಡಿನದು.

‘ಎಂಜಿನ್ ಭೀಮನಂಥದು, ಎಳೆಯುತ್ತದೆ ಬಿಡಿ’ ಎನ್ನುವವರಿದ್ದಾರೆ. ಎಳೆಯುವುದೇನೋ ಸರಿ, ಘಟ್ಟ ಇಳಿಯುವಾಗ ನಿಲ್ಲಿಸಬೇಕಲ್ಲ! ಸಾಮಾನನ್ನು ಟ್ರೇಲರ್‌ನ ಹಿಂಬದಿಗೆ ತಳ್ಳಿ ಕೊಂಡಿಯ ಭಾರ ಇಳಿಸುವುದು ಇನ್ನೊಂದು ಜಾಣತನ. ಮೂತಿ ಹಗುರಾದ ಟ್ರೇಲರ್ ಹೆದ್ದಾರಿಯ ವೇಗದಲ್ಲಿ ಅತ್ತಿತ್ತ ತೂಗಾಡುತ್ತಾ ಗಾಡಿಯನ್ನೂ ಜೊತೆಗೆ ಕುಣಿಸುತ್ತದೆ. ಭಾರ ಹಂಚುವ ಕೊಂಡಿ ಆ ಭಾರವನ್ನು ಚಕ್ರಗಳಿಗೆ ಹಂಚುತ್ತದೆಯೇ ಹೊರತು ಚೀಟಿಯ ಅಂಕಿಯನ್ನು ತಿದ್ದುವುದಿಲ್ಲ. ಮುಂಗಡ ಕೊಡುವ ಮುನ್ನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಮ್ಮೆ ವೇಬ್ರಿಜ್‌ಗೆ ಹೋಗಿ ಬನ್ನಿ.