ಪ್ರಾಜೆಕ್ಟ್ ಮಾಮ

ಬಳ್ಳಾರಿ ಗುಡ್ಡ ಏಕಶಿಲೆ. ಕುರುಗೋಡಿನ ದೊಡ್ಡ ಬಸವಣ್ಣನೂ ಏಕಶಿಲೆ. ಅಂಟಿನ ಹಂಗೇ ಇಲ್ಲದ ಈ ಸೀಮೆಯಲ್ಲಿ ಓಣಿಗೊಬ್ಬ ಪ್ರಾಜೆಕ್ಟ್ ಮಾಮ ಹೇಗೆ ಹುಟ್ಟಿಕೊಂಡನೋ ದೇವರೇ ಬಲ್ಲ. ಶಾಲೆಯಲ್ಲಿ ವಸ್ತುಪ್ರದರ್ಶನ ಎಂಬ ಸುದ್ದಿ ಹೊರಬೀಳುವುದೇ ತಡ, ಅವನ ಮನೆಯ ಕಟ್ಟೆ ಮೇಲೆ ಥರ್ಮಾಕೋಲ್ ಹಿಡಿದ ಮಕ್ಕಳು ಬಂದು ಕೂರುತ್ತಾರೆ. ಅಕ್ಕನ ಮಕ್ಕಳಿರಲಿ, ಆಚೆ ಓಣಿಯವರಿರಲಿ, ಎಲ್ಲರಿಗೂ ಅವನು ಮಾಮನೇ.

ಬೆರಳ ತುದಿಗೆಲ್ಲ ಒಣಗಿದ ಅಂಟಿನ ಹಕ್ಕಳೆ. ಹೀಗಾಗಿ ಅವನ ಬೆರಳಚ್ಚನ್ನು ಫೋನೂ ಒಪ್ಪುವುದಿಲ್ಲ, ರೇಷನ್ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ. ಮಕ್ಕಳು ಬೇಡುವುದು ಬಹುತೇಕ ಒಂದೇ ಮಾದರಿ, ಗುಡ್ಡದ ಮೇಲಿನ ಕೋಟೆ. ಮಾಮನ ಮಾತು ಮಾತ್ರ ಶುರುವಾಗುವುದು ಟ್ಯೂಬಿನ ಮೂತಿಯಿಂದ. “ಕೋಟೆ ಆಮ್ಯಾಲೆ ಕಟ್ಟೋಣಲೇ, ಮೊದ್ಲು ಮೂತಿ ತೋರ್ಸು.” ಕಟ್ಟಿಕೊಂಡಿದ್ದರೆ ಹುಡುಗನ ಇಡೀ ವಂಶಕ್ಕೆ ಮಂಗಳಾರತಿ. “ಹಚ್ಚಿದ ಮ್ಯಾಲೆ ನೆಟ್ಟಗೆ ನಿಂದ್ರಿಸಿ, ಬುಡ ಮೆಲ್ಲಗೆ ಕುಟ್ಟಿ, ಮೂತಿಯಾಗಿನ ಅಂಟು ಕೆಳಗಿಳಿಸಿ, ಒರೆಸಿ ಮುಚ್ಚಬೇಕು ಅಂತ ನಿಮ್ಮಪ್ಪ ಹೇಳಿಲ್ಲೇನು?” ಅವರಪ್ಪನಿಗೆ ಹೇಗೆ ಗೊತ್ತಿರಬೇಕು, ಪಾಪ! ಅವನೂ ಇದೇ ಮಾಮನ ಹತ್ತಿರ ಬೈಸಿಕೊಂಡವನು.

ನಮ್ಮೂರಲ್ಲಿ ಏನು ಒಣಗಿದರೂ ಬಿಸಿಲಿನ ಮೇಲೆ ಹಾಕುವುದು ವಾಡಿಕೆ. ಮಾಮ ಒಪ್ಪುವುದಿಲ್ಲ. ಫೆವಿಕಾಲ್ ಗಟ್ಟಿಯಾಗುವುದು ತನ್ನೊಳಗಿನ ನೀರು ಆರಿಹೋದಾಗ. ಫೆವಿಕ್ವಿಕ್ ಗಟ್ಟಿಯಾಗುವುದು ಗಾಳಿಯ ತೇವ ತಗುಲಿದಾಗ. “ಒಂದಕ್ಕೆ ನೀರು ಹೋದ್ರೆ ಕಷ್ಟ, ಇನ್ನೊಂದಕ್ಕೆ ನೀರು ಬಂದ್ರೆ ಕಷ್ಟ. ಒಂದು ಬಳ್ಳಾರಿ, ಇನ್ನೊಂದು ಹೊಳೆ ಉಕ್ಕಿದಾಗಿನ ಸಿರುಗುಪ್ಪ!” ಇದಕ್ಕಿಂತ ಚೊಕ್ಕ ರಸಾಯನಶಾಸ್ತ್ರದ ಪಾಠವನ್ನು ನಾನಂತೂ ಕೇಳಿಲ್ಲ.

ಆದ್ದರಿಂದ ಫೆವಿಕಾಲ್ ಮೂತಿಗೆ ಒದ್ದೆ ಬಟ್ಟೆಯ ಮುಂಡಾಸು. ಫೆವಿಕ್ವಿಕ್‌ಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಚಪ್ಪಲಿ ಅಂಗಡಿಗಳಿಂದ ಬೇಡಿ ತಂದ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿ ಇರುವುದು ಫ್ರಿಜ್ಜಿನಲ್ಲಿ, ಮಲ್ಲಿಗೆ ಮತ್ತು ಹಸಿಮೆಣಸಿನಕಾಯಿಯ ನಡುವೆ. (ಅತ್ತೆಯ ಕಣ್ಣಿನ ಡ್ರಾಪ್ಸ್ ಈಗ ದೇವರ ಕೋಣೆಯಲ್ಲಿದೆ. ಜಾಣೆ.) ಹೊರತೆಗೆದ ಕೂಡಲೇ ಬಿಚ್ಚುವಂತಿಲ್ಲ, ತಣ್ಣಗಿನ ಟ್ಯೂಬಿಗೆ ಹೊರಗಿನ ತೇವ ಬೆವರಾಗಿ ಕೂರುತ್ತದೆ. ಬಾಣಂತಿಯನ್ನು ಕೋಣೆಯಿಂದ ಕರೆತಂದಂತೆ ನಿಧಾನವಾಗಿ ತಂದು ಮೇಜಿನ ಮೇಲಿಟ್ಟು, ಅದು ಕೋಣೆಯ ಶಾಖಕ್ಕೆ ಬರುವ ತನಕ ಎಲ್ಲರೂ ಕಾಯಬೇಕು.

ಕಾಯುವಾಗ ಇತಿಹಾಸ. ಅಮೆರಿಕದ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಕನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಫೆವಿಕ್ವಿಕ್ ಜಾತಿಯ ರಸ ಕೈಗೆ ಸಿಕ್ಕಿತು, ಕಂಡದ್ದಕ್ಕೆಲ್ಲ ಅಂಟಿತು. ಅವರು ಬೇಸತ್ತು ಪಕ್ಕಕ್ಕಿಟ್ಟರು. ಅಂಟಾಗಿ ಅಂಗಡಿಗೆ ಬಂದದ್ದು 1958ರಲ್ಲಿ. ಅಲ್ಲಿಂದ ಮಾಮನ ಮಾತು ನೇರ ಹೈದರಾಲಿಗೆ. 1769ರಲ್ಲಿ ಬಳ್ಳಾರಿ ಅವನ ಕೈಸೇರಿತು. ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಹೊಸದು ಮಾಡಿಸಿದ. ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವೇ ಎತ್ತರ ಎಂದು ಗೊತ್ತಾಗಿ ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಊರ ಕಥೆ. “ಅದಕ್ಕೇ, ಅಳತೆ ತಪ್ಪಬಾರ್ದು!” ಎಂದು ಮಾಮ ಸ್ಕೇಲು ಎತ್ತಿ ಹಿಡಿಯುತ್ತಾನೆ. ಕೋಟೆಯ ಒಂದು ತುಣುಕೂ ಇನ್ನೂ ಕತ್ತರಿಸಿಲ್ಲ.

ನಿಷೇಧಗಳು ಬೇರೆ. ಮೂತಿಗೆ ಪಿನ್ನು ಚುಚ್ಚಿ ಬಿಡಬ್ಯಾಡ, ಪಿನ್ನೇ ಅಲ್ಲಿ ಮನೆ ಮಾಡುತ್ತದೆ. ಥರ್ಮಾಕೋಲಿಗೆ ಫೆವಿಕ್ವಿಕ್ ಮುಟ್ಟಿಸಬ್ಯಾಡ, ಬುರುಜು ತಿಂದುಹಾಕುತ್ತದೆ. ಹತ್ತಿ ಬಟ್ಟೆಗೆ ಒರೆಸಬ್ಯಾಡ, ಸುಡುತ್ತದೆ. ಈ ಕೊನೆಯದು ಜೀನ್ಸ್ ಹೊಲಿಯುವ ನಮ್ಮೂರಿನವರಿಗೆ ನಂಬಿಕೆ ಬರುವುದಿಲ್ಲ. ಮಾಮನ ಜೀನ್ಸಿನ ತೊಡೆಯ ಮೇಲೆ ರೂಪಾಯಿಯಗಲದ ಗಟ್ಟಿ ಕಲೆಯೊಂದಿದೆ. ಅಂದು ಅವನು ಕುಣಿದದ್ದನ್ನು ಅತ್ತೆ ಇವತ್ತಿಗೂ ಅಭಿನಯಿಸಿ ತೋರಿಸುತ್ತಾಳೆ.

ನಡುವೆ ಸಿರುಗುಪ್ಪದಿಂದ ತಂಗಿಯ ಮಗನ ವಿಡಿಯೋ ಕಾಲ್. ರೈಸ್ ಮಿಲ್ಲಿನ ಚಿಮಣಿ ನಿಲ್ಲುತ್ತಿಲ್ಲವಂತೆ. “ಚಿಮಣಿ ಬಿಡಲೇ, ಮೂತಿ ಕ್ಯಾಮೆರಾಕ್ಕೆ ಹಿಡಿ.” ಅದು ಮುಗಿಯುವಾಗ ರಾತ್ರಿ ಊಟದ ಹೊತ್ತು. ಟ್ಯೂಬುಗಳೆಲ್ಲ ಫಳಫಳ, ಮೂತಿಗಳೆಲ್ಲ ಸಲೀಸು. ಪ್ರದರ್ಶನ ಬೆಳಗ್ಗೆ ಒಂಬತ್ತಕ್ಕೆ.

ಮಾಮ ಕೈ ತೊಳೆಯಲು ಹೋದಾಗ ಅವನ ತಾಯಿ, ಎಂಬತ್ತು ದಾಟಿದ ಅವ್ವ, ಸಿರುಗುಪ್ಪದ ಅಕ್ಕಿಯ ಅನ್ನವನ್ನು ತಟ್ಟೆಯಲ್ಲಿ ಹಿಸುಕಿ ಥರ್ಮಾಕೋಲಿಗೆ ಮೆತ್ತಿ ಮೆತ್ತಿ ನಾಲ್ಕು ಬುರುಜು, ಒಂದು ಬಾಗಿಲು, ಮೇಲೊಂದು ಬಾವುಟ ನಿಲ್ಲಿಸಿದ್ದಳು. ಕಾದು ಕೂತಿದ್ದ ಹುಡುಗ ಕೋಟೆ ಎತ್ತಿಕೊಂಡು ಮನೆಗೆ ಓಡಿದ.

ಮಾಮ ತಟ್ಟೆಯನ್ನು ಮೂಸಿದ, ಬೆರಳಲ್ಲಿ ಉಜ್ಜಿ ನೋಡಿದ. “ಅಂಟೇನೋ ಚಲೋ ಐತೆ ಬೇ. ಆದ್ರೆ ಕೈಯಾಗೆ ಹಚ್ಚಿದ್ರೆ ಅಳತೆ ಸಿಗಲ್ಲ” ಎಂದು, ಔಷಧಿ ಅಂಗಡಿಯ ಹೊಸ ಸಿರಿಂಜಿಗೆ ಉಳಿದ ಅನ್ನ ತುಂಬಿ ಒತ್ತಿದ. ಇನ್ನೊಮ್ಮೆ ಒತ್ತಿದ.

“ಅಗಳು ಸಿಕ್ಕೊಂಡೈತೆ. ಯಾರಾರ ಒಂದು ಪಿನ್ನು ತರ್ರಲೇ!”