ಎರವಲು ಶ್ರವಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಅಮೆರಿಕದ ಊರೂರಿನ ಪಬ್ಲಿಕ್ ಲೈಬ್ರರಿಗಳಲ್ಲಿ ಪುಸ್ತಕದಂತೆಯೇ ಎರವಲು ಸಿಗುವ ಸಂಗೀತದ ಸಿ.ಡಿ.ಗಳು. ಅಧಿಕಾರಿ: ಲೈಬ್ರರಿ ಕಾರ್ಡೂ, ಸಿ.ಡಿ. ತೂರಿಸುವ ಕಿಂಡಿಯಿರುವ ಹಳೇ ಕಾರೂ ಉಳ್ಳವನು. (ಹೊಸ ಕಾರಿನಲ್ಲಿ ಕಿಂಡಿಯಿಲ್ಲ, ಹೊಸ ಲ್ಯಾಪ್‌ಟಾಪಿನಲ್ಲೂ ಇಲ್ಲ. ಹೀಗಾಗಿ ಅಧಿಕಾರಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.) ಸಂಬಂಧ: ಮೂರು ವಾರದ್ದು. ಪ್ರಯೋಜನ: ಪ್ರಬಂಧ ಮುಗಿಯುವುದರೊಳಗೆ ತಿಳಿಯುತ್ತದೆ, ತಿಳಿಯದಿದ್ದರೆ ರಿನ್ಯೂ ಮಾಡಿಸಿಕೊಳ್ಳತಕ್ಕದ್ದು.

ನಮ್ಮ ಸಿದ್ಧಾಂತ ಇಷ್ಟು: ಎರವಲು ತಂದು ಕೇಳುವವನೊಬ್ಬನೇ ನಿಷ್ಕಾಮ ಶ್ರೋತೃ. ಅಂಗಡಿಯಲ್ಲಿ ಕೊಂಡವನು ಕೊಟ್ಟ ದುಡ್ಡು ಹುಟ್ಟುವವರೆಗೆ ಕೇಳುತ್ತಾನೆ. ಅದು ಶ್ರವಣವಲ್ಲ, ವಸೂಲಿ. ಫೋನಿನಲ್ಲಿ ಕೇಳುವವನಿಗೆ ನಿನ್ನೆ ಮೆಚ್ಚಿದ್ದನ್ನೇ ಯಂತ್ರ ಇವತ್ತೂ ಬಡಿಸುತ್ತದೆ, ನಾಳೆಯೂ ಬಡಿಸುತ್ತದೆ. ಎರವಲುಗಾರನಿಗೆ ಮಾತ್ರ ಮಂಗೋಲಿಯದ ಗಂಟಲ ಗಾಯನವೂ ಒಂದೇ, ವಿಸ್ಕಾನ್ಸಿನ್ನಿನ ಪೋಲ್ಕಾವೂ ಒಂದೇ. ಹಿಡಿಸದಿದ್ದರೆ ಹೋಗುವ ದಾರಿಯಲ್ಲಿ ರಿಟರ್ನ್ ಡಬ್ಬಕ್ಕೆ ಹಾಕಿದರಾಯಿತು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬ ಬುದ್ಧಿಗೆ ನಿಷ್ಕಾಮ ಎಂಬ ಜರತಾರಿ ಶಾಲು ಹೊದಿಸುತ್ತಿದ್ದೀರಿ ಎಂಬುದು ಅವನ ಆಕ್ಷೇಪ. ಇದು ನಿಲ್ಲುವುದಿಲ್ಲ. ಒಂದು ಕಾರ್ಡಿಗೆ ಇಷ್ಟೇ ಎಂಬ ಮಿತಿಯಿರುವಲ್ಲಿ ದುರಾಸೆಗೆ ಆಸ್ಪದವೆಲ್ಲಿ? ಕಿಂಡರ್‌ಗಾರ್ಟನ್ನಿಗೆ ಹೋಗುವ ನಮ್ಮ ಮಗಳ ಹೆಸರಿನಲ್ಲೂ ಒಂದು ಕಾರ್ಡಿದೆ. ಲೈಬ್ರರಿಯ ದಾಖಲೆಯ ಪ್ರಕಾರ ಅವಳು ಮಾಹ್ಲರನ ಸಿಂಫನಿಗಳನ್ನು ಒಂದೊಂದಾಗಿ ಮುಗಿಸುತ್ತ ಬಂದಿದ್ದಾಳೆ.

ಇತಿಹಾಸ ಪ್ರಕರಣ ಚಿಕ್ಕದು. ಮಿನ್ನೆಸೋಟದ ಸೇಂಟ್ ಪಾಲ್ ಲೈಬ್ರರಿ 1914ರಲ್ಲೇ ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕಲು ತೊಡಗಿತ್ತು. 1984ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ ರೆಕಾರ್ಡು ಬಾಡಿಗೆಗೆ ಬಿಡುವ ಅಂಗಡಿಗಳಿಗೆ ಮೂಗುದಾರ ಹಾಕಿತು, ಲಾಭಕ್ಕೆ ಕೂರದ ಲೈಬ್ರರಿಯ ತಂಟೆಗೆ ಮಾತ್ರ ಹೋಗಲಿಲ್ಲ. ಆಮೇಲಿನ ಘಟನೆ ಸ್ವಾರಸ್ಯದ್ದು. ದೊಡ್ಡ ರೆಕಾರ್ಡ್ ಕಂಪನಿಗಳು ಸೇರಿಕೊಂಡು ಸಿ.ಡಿ.ಗಳ ಬೆಲೆ ಇಳಿಯದಂತೆ ನೋಡಿಕೊಂಡವೆಂಬ ಮೊಕದ್ದಮೆ 2002ರಲ್ಲಿ ರಾಜಿಯಾಯಿತು. ರಾಜಿಯ ಷರತ್ತಿನಂತೆ ಐವತ್ತು ಲಕ್ಷಕ್ಕೂ ಮಿಕ್ಕಿದ ಸಿ.ಡಿ.ಗಳು ಲೈಬ್ರರಿ, ಶಾಲೆಗಳ ಪಾಲಾದವು. ಗೋದಾಮಿನ ಮೂಲೆಯಲ್ಲಿ ಏನಿತ್ತೋ ಅದೇ ಬಂತು. ಮಿಲ್ವಾಕೀ ಲೈಬ್ರರಿಗೆ ವಿಟ್ನಿ ಹ್ಯೂಸ್ಟನ್ ಹಾಡಿದ ಅಮೆರಿಕದ ರಾಷ್ಟ್ರಗೀತೆ, ಅದೊಂದೇ ಸಿ.ಡಿ., ಸಾವಿರಕ್ಕೂ ಹೆಚ್ಚು ಪ್ರತಿ. ದಾನದ ಎಮ್ಮೆಯ ಹಲ್ಲು ಎಣಿಸಬಾರದು, ಒಪ್ಪಿದೆವು. ಎಮ್ಮೆಗಳನ್ನಾದರೂ ಎಣಿಸಬಹುದಲ್ಲ?

ಈಗ ಸಂಖ್ಯಾ ಪ್ರಕರಣ. ಇದನ್ನು ಓದುಗರು ಕೈಕಾಲು ತೊಳೆದುಕೊಂಡು ಬಂದು ಓದಬೇಕು. 1876ರಲ್ಲಿ ಮೆಲ್ವಿಲ್ ಡ್ಯೂಯಿ ಲೋಕದ ಜ್ಞಾನವನ್ನೆಲ್ಲ ಅಂಕಿಗಳಲ್ಲಿ ಹಂಚಿದಾಗ ಸಂಗೀತಕ್ಕೆ ಬಂದದ್ದು 780. ಅದಾಗಿ ನೂರು ವರ್ಷ ದಾಟಿದ ಮೇಲೆ ಸೋನಿ, ಫಿಲಿಪ್ಸ್ ಕಂಪನಿಯ ಎಂಜಿನಿಯರುಗಳು ಸಿ.ಡಿ. ಮಾಡಿದರು, ಅದನ್ನು ಓದುವ ಲೇಸರ್ ಕಿರಣದ ತರಂಗಾಂತರ 780 ನ್ಯಾನೋಮೀಟರ್. ಕಾಕತಾಳೀಯ ಎನ್ನುವವರು ಎನ್ನಲಿ. ಏಳು ಸ್ವರ ಎಂಟು ದಿಕ್ಕಿನಿಂದ ಬಂದು ಸೊನ್ನೆ ಖರ್ಚಿನಲ್ಲಿ ಕಿವಿ ಸೇರುತ್ತವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಋಷಿ ಹೇಳಿಯಾನು? ನಮ್ಮ ರಂಗನಾಥನ್ ಅವರು, ಗ್ರಂಥಾಲಯ ಶಾಸ್ತ್ರಕ್ಕೆ 1931ರಲ್ಲಿ ಪಂಚಸೂತ್ರ ಕೊಟ್ಟು 1962ರಲ್ಲಿ ಬೆಂಗಳೂರಿನಲ್ಲಿ ಅದಕ್ಕೊಂದು ಪೀಠವನ್ನೇ ಕಟ್ಟಿದವರು, ತಮ್ಮ ವರ್ಗೀಕರಣದಲ್ಲಿ ಸಂಗೀತಕ್ಕೆ ಅಂಕಿ ಬಿಟ್ಟು ಅಕ್ಷರಗಳನ್ನು ಕೊಟ್ಟರು. ಲೇಸರಿನವರು ಅವರನ್ನೊಂದು ಮಾತು ಕೇಳಲಿಲ್ಲ. ಇರಲಿ. ನಮ್ಮ ಲೈಬ್ರರಿಯಂತೂ ಈ ಎರಡನ್ನೂ ಬಿಟ್ಟು ರಾಕ್, ಜಾಜ್, ವರ್ಲ್ಡ್ ಎಂದು ಬಣ್ಣದ ಚೀಟಿ ಅಂಟಿಸಿಟ್ಟಿದೆ. ವರ್ಲ್ಡ್ ಕಪಾಟಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಭುಜಕ್ಕೆ ಭುಜ ತಾಗಿಸಿಕೊಂಡು ಕ್ಯೂಬಾದ ಮುದುಕರು ಚುಟ್ಟಾ ಸೇದುತ್ತ ನಿಂತಿದ್ದಾರೆ.

ಗೀರು ಪ್ರಕರಣ. ಕೊಂಡ ಸಿ.ಡಿ.ಗೆ ಒಬ್ಬನೇ ಯಜಮಾನ, ಎರವಲಿನದಕ್ಕೆ ಊರೇ ಯಜಮಾನ. ಊರಿನ ಉಗುರುಗಳೆಲ್ಲ ಅದರ ಬೆನ್ನ ಮೇಲಿವೆ. ತಂದ ಕೂಡಲೇ ಅಂಚು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ವಾರೆಯಾಗಿ ಹೊರಳಿಸಿ ನೋಡಬೇಕು. ನಡುವಿನಿಂದ ಅಂಚಿಗೆ ನೇರ ಎಳೆದ ಗೀರು ಸಾಧು. ಸಿ.ಡಿ.ಯಲ್ಲಿ ದತ್ತಾಂಶವನ್ನು ಹೆಣೆದಿರುವ ಉಪಾಯ ಎಂಥದ್ದೆಂದರೆ ಸುಮಾರು 2.5 ಮಿ.ಮೀ. ಅಳಿಸಿಹೋದರೂ ಯಂತ್ರ ಉಳಿದ ಭಾಗದಿಂದ ಲೆಕ್ಕ ಹಾಕಿ ಸ್ವರ ತುಂಬಿಕೊಳ್ಳುತ್ತದೆ. ಬಳೆಯ ಹಾಗೆ ಸುತ್ತಿಕೊಂಡು ಹೋಗಿರುವ ಗೀರು ದುಷ್ಟ. ಅದು ಹಾಡಿನ ದಾರಿಯಲ್ಲೇ ನಡೆದು ಹಾಡನ್ನು ನುಂಗುತ್ತದೆ. ಅದಕ್ಕೇ ಒರೆಸುವಾಗ ಗುಂಡಗೆ ಉಜ್ಜಬಾರದು, ನಡುವಿನಿಂದ ಹೊರಕ್ಕೆ ಎಳೆಯಬೇಕು. ಮೂರನೆಯ ಬಗೆ, ಜಾಮ್ ಹಚ್ಚಿದ ಎಳೆಯ ಹೆಬ್ಬೆಟ್ಟು, ಗೀರಲ್ಲವಾದರೂ ಉಪಗೀರು. ಇದು ಮಕ್ಕಳ ವಿಭಾಗದಿಂದ ಬಹುದೂರದಲ್ಲಿರುವ ವಾಗ್ನರನ ಮೇಲೂ ಕಾಣಸಿಗುವುದೇಕೆ ಎಂಬುದಕ್ಕೆ ಮಾಹ್ಲರನ ವಿಷಯದಲ್ಲಿ ಹೇಳಿದ್ದೇ ಸಮಾಧಾನ.

ಒಮ್ಮೆ ಭೀಮಸೇನ ಜೋಶಿಯವರ ತಾನವೊಂದು ಬಳೆಗೀರಿಗೆ ಸಿಕ್ಕಿ ಅಲ್ಲೇ ಸುತ್ತತೊಡಗಿತು. ಹಿಂದಿನ ಸೀಟಿನಲ್ಲಿ ಧಾರವಾಡದ ಮಿತ್ರರೊಬ್ಬರಿದ್ದರು. ಮೊದಲೆರಡು ಸುತ್ತಿಗೆ "ವಾಹ್!" ಅಂದರು. ಮೂರನೆಯದಕ್ಕೆ "ಏನ್ ದಮ್ ಐತ್ರೀ ಆ ಮನಷ್ಯಾಂದು!" ಅಂದು ತೊಡೆ ತಟ್ಟಿಕೊಂಡರು. ಆರನೆಯದಕ್ಕೆ ಸುಮ್ಮನಾಗಿ ಕನ್ನಡಿಯಲ್ಲಿ ನಮ್ಮ ಮುಖ ನೋಡಿದರು. ರಂಗನಾಥನ್ನರ ಐದು ಸೂತ್ರಗಳಿಗೆ ನಾವು ಆರನೆಯದನ್ನು ಸೇರಿಸಿದ್ದು ಅಂದೇ: ಪ್ರತಿ ಗೀರಿಗೂ ಒಬ್ಬ ರಸಿಕನುಂಟು.

ಇನ್ನು ಮುಖ್ಯ ಸಂಶೋಧನೆ. ಶಾಸ್ತ್ರೀಯ ಕಪಾಟಿನ 'ಎಂ' ಅಕ್ಷರದಲ್ಲಿ, ಮೊಟ್ಸಾರ್ಟನ ಗದ್ದಲದಿಂದ ಕೊಂಚ ದೂರ, ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೋ ವಿದ್ವಾಂಸ ಒಬ್ಬನೇ ನಿಂತಿದ್ದಾನೆ. ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಕೇಳುವವರಿಲ್ಲದೆ ಇದ್ದವನು. ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಎಚ್.ಎಂ.ವಿ.ಯಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಅವನು ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಅವರಿಗೇ ಅರ್ಪಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದಿಟ್ಟ ನಾಲ್ಕು ಕೊನೆಯ ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 1950ರ ಮೇ 22ರಂದು ಮೊದಲ ಬಾರಿ ಕೇಳಿಸಿದ್ದೂ ಒಡೆಯರ ಹಣದ ಭರವಸೆಯಿಂದ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದ್ದು ಫುರ್ಟ್‌ವೆಂಗ್ಲರ್.

ಇದಿಷ್ಟೂ ಸತ್ಯ. ಇನ್ನು ಮುಂದಿನದು ಅನುಮಾನ ಪ್ರಮಾಣ. ಸಿ.ಡಿ.ಯ ಅವಧಿ 74 ನಿಮಿಷವೇ ಏಕೆ? ಫುರ್ಟ್‌ವೆಂಗ್ಲರ್ 1951ರಲ್ಲಿ ಬೈರಾಯ್ಟಿನಲ್ಲಿ ನಡೆಸಿದ ಬೀಥೋವನ್ನನ ಒಂಬತ್ತನೆಯ ಸಿಂಫನಿ ಒಂದೇ ತಟ್ಟೆಯಲ್ಲಿ ಹಿಡಿಯಲೆಂದು, ಎಂಬ ಕಥೆ ಬಹುಕಾಲದಿಂದ ಓಡಾಡುತ್ತಿದೆ. ಅದು ಬರೀ ಕಟ್ಟುಕಥೆಯೆಂದು ಎಂಜಿನಿಯರುಗಳು ಹೇಳುತ್ತಾರೆ. ಸಂಶೋಧಕರು ಎಂಜಿನಿಯರುಗಳ ಮಾತಿಗೆ ಕಿವಿಗೊಡುತ್ತ ಕೂತರೆ ಪಿಎಚ್.ಡಿ. ಮುಗಿದ ಹಾಗೆಯೇ. ಸಿ.ಡಿ.ಯ ಅಳತೆ ಫುರ್ಟ್‌ವೆಂಗ್ಲರನಿಂದ ಬಂತು, ಫುರ್ಟ್‌ವೆಂಗ್ಲರ್ ಅದರ ಹಿಂದಿನ ವರ್ಷವಷ್ಟೇ ಮೈಸೂರಿನ ಅನ್ನ ಉಂಡಿದ್ದ, ಆದ್ದರಿಂದ ಸಿ.ಡಿ. ಮೂಲತಃ ಮೈಸೂರಿನದು. ಪ್ರಪಂಚದಲ್ಲಿ ಎಲ್ಲವನ್ನೂ ಮೊದಲು ಮಾಡಿದವರು ನಾವೇ ಎಂದು ಸಾಧಿಸುವ ಗ್ರಂಥಗಳು ನಮ್ಮಲ್ಲಿ ರಾಶಿ ಇವೆ. ಅವುಗಳ ತರ್ಕದ ಕೊಂಡಿಗಳಿಗಿಂತ ಇದರ ಕೊಂಡಿ ಸಡಿಲವೆಂದು ತೋರಿಸಿಕೊಟ್ಟವರಿಗೆ ನಮ್ಮ ಕಾರ್ಡ್ ಬಿಟ್ಟುಕೊಡುತ್ತೇವೆ.

ಈ ಸಂಶೋಧನೆಯನ್ನು ಮೈಸೂರಿನಿಂದ ಬಂದಿರುವ ಅಮ್ಮನ ಮುಂದೆ ಮಂಡಿಸಲಾಯಿತು. ಆಕೆ ದಸರೆಯ ಅಂಬಾರಿಯ ಮೇಲೆ ಇದೇ ಮಹಾರಾಜರನ್ನು ಕಂಡವಳು. ಜೆಸ್ಸಿ ನಾರ್ಮನ್ ಹಾಡಿದ ಸ್ಟ್ರಾಸ್ ಹಾಕಿದೆವು. ಸ್ವಲ್ಪ ಹೊತ್ತು ಕೇಳಿ, "ಯಾರೋ ಹೋಗಿಬಿಟ್ಟ ಹಾಗಿದೆಯಲ್ಲೋ," ಅಂದಳು.

"ಸಾಯೋ ಮುಂಚೆ ಬರೆದದ್ದಂತಮ್ಮ. ಎಂಬತ್ತು ದಾಟಿತ್ತು ಅವನಿಗೆ."

"ಹಾಗನ್ನು ಮತ್ತೆ. ಮಹಾರಾಜರು ಸುಮ್ಮಸುಮ್ಮನೆ ದುಡ್ಡು ಕೊಡೋರಲ್ಲ." ಮತ್ತೆ ಕಿಟಕಿಯ ಕಡೆ ತಿರುಗಿ ನಾಲ್ಕನ್ನೂ ಕೇಳಿದಳು.

ಪರಿಶಿಷ್ಟವಾಗಿ ಒಂದು ಧರ್ಮಸಂಕಟ. ಈಚೆಗೆ ಲೈಬ್ರರಿಗಳು ಸಿ.ಡಿ. ಕಪಾಟುಗಳನ್ನು ತೆರವು ಮಾಡುತ್ತಿವೆ. ನ್ಯೂಯಾರ್ಕಿನಂಥ ಊರುಗಳಲ್ಲಿ ತಡವಾದರೆ ಹಾಕುತ್ತಿದ್ದ ದಂಡವೂ 2021ರಲ್ಲಿ ಹೋಯಿತು. ಕೇಳುವವನಿಗೆ ಭಯವಿಲ್ಲ, ಕೊಡುವವನಿಗೆ ಜಾಗವಿಲ್ಲ. ನಮ್ಮ ಲೈಬ್ರರಿಯ ಬಾಗಿಲ ಬಳಿಯ ಹಳೇ ಮಾಲಿನ ಮೇಜಿನ ಮೇಲೆ, ಬೆನ್ನಿಗೆ ರದ್ದು ಮುದ್ರೆ ಒತ್ತಿಸಿಕೊಂಡು, ಅದೇ ಸ್ಟ್ರಾಸ್ ಕೂತಿದ್ದ. ಬೆಲೆ ಒಂದು ಡಾಲರ್. ಕೊಂಡರೆ ಸಿದ್ಧಾಂತ ಕೆಡುತ್ತದೆ, ಬಿಟ್ಟರೆ ಸ್ಟ್ರಾಸ್ ಕಸದ ಲಾರಿ ಹತ್ತುತ್ತಾನೆ. ಸಂಶೋಧಕ ಕೈ ಹಿಂದೆ ಕಟ್ಟಿಕೊಂಡು ನಿಂತಿರುವಾಗ ಅಮ್ಮ ಪರ್ಸ್ ತೆಗೆದಳು. "ಒಂದ್ ಡಾಲರಿಗೆ ಇಷ್ಟು ಯೋಚನೆ ಏನೋ? ನಾನು ಕೊಡ್ತೀನಿ ಬಿಡು, ನಮ್ಮ ಮಹಾರಾಜರದ್ದು."

ಹೀಗಾಗಿ ಆ ಸಿ.ಡಿ. ಈಗ ಅಮ್ಮನದು. ನಾವು ಅದನ್ನು ಅವಳಿಂದ ಎರವಲು ಪಡೆದು ಕೇಳುತ್ತಿದ್ದೇವೆ. ಗಡುವು, ಅವಳ ವಾಪಸ್ ಟಿಕೆಟ್ಟಿನ ದಿನ. ರಿನ್ಯೂ ಮಾಡಿಸುವ ವಿಚಾರ ಎತ್ತಿದೆವು; ಹಿಮ ಬೀಳುವ ಮುಂಚೆ ಹೊರಟೇಬಿಡುತ್ತೇನೆ, ಆಮೇಲೆ ನಿನ್ನ ಪಾಡು, ಎಂದಿದ್ದಾಳೆ.