ಪಂಚರತ್ನದ ರಾಯರು

ತ್ಯಾಗರಾಜರು ದೇಹ ಬಿಟ್ಟದ್ದು 1847ರ ಪುಷ್ಯ ಬಹುಳ ಪಂಚಮಿಯಂದು. ಆದರೆ ಬೆಂಗಳೂರಿನ ಪಂಚಮಿ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಸಭಾಂಗಣ, ಪಿಟೀಲಿನವರು, ಅಡುಗೆಯವರು ಮೂವರೂ ಕೂಡಿಬಂದ ಭಾನುವಾರವೇ ಆಯಾ ಬಡಾವಣೆಗೆ ಆರಾಧನೆ. ಅಷ್ಟೂ ಭಾನುವಾರ ಬಿಳಿ ಪಂಚೆ, ಜರಿ ಶಲ್ಯದಲ್ಲಿ ಹಾಜರಾಗುವವರೊಬ್ಬರು ಇದ್ದೇ ಇರುತ್ತಾರೆ. ರಾಯರು ಅನ್ನೋಣ. ಬ್ಯಾಂಕಿನಿಂದ ನಿವೃತ್ತರು. ಸಂಗೀತ ಜಂಟಿ ವರಸೆಗೇ ನಿಂತಿದೆ.

ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಕೂಡಿ ಹಾಡುವ ಗೋಷ್ಠಿಯಲ್ಲಿ ಅವರ ಜಾಗ ಮೂರನೇ ಸಾಲಿನ ತುದಿ, ಕಂಬದ ಪಕ್ಕ. ಮುಂದೆ ಕೂತರೆ ದನಿ ವಿದ್ವಾಂಸರ ಕಿವಿಗೆ ಬಿದ್ದೀತು. ಹಿಂದೆ ಕೂತರೆ ಬರೀ ಕೇಳಲು ಬಂದವರೆಂದು ಜನ ತಿಳಿದಾರು. ಮಡಿಲಲ್ಲಿ ಕನ್ನಡ ಲಿಪಿಯ ಸ್ವರಸಾಹಿತ್ಯದ ಪುಸ್ತಕ, ಅದಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಪಕ್ಕದ ಹುಡುಗಿ ಮೊಬೈಲು ನೋಡಿಕೊಂಡು ಹಾಡಿದರೆ, "ಪುಸ್ತಕ ಇಟ್ಕೊಂಡು ಹಾಡಬೇಕಮ್ಮ" ಅನ್ನುತ್ತಾರೆ. ಪುಟ ತಪ್ಪಿದಾಗ ಅದೇ ಮೊಬೈಲಿಗೆ ಇಣುಕುತ್ತಾರೆ.

ನಾಟ ರಾಗದ 'ಜಗದಾನಂದಕಾರಕ' ತೊಂದರೆ ಕೊಡುವುದಿಲ್ಲ. ಐದರಲ್ಲಿ ಅದೊಂದೇ ಸಂಸ್ಕೃತದ್ದು, ಅದೂ ನಾಮಾವಳಿ. ವಿಷ್ಣು ಸಹಸ್ರನಾಮದಲ್ಲಿ ಪಳಗಿದ ನಾಲಿಗೆ ಹೇಗೋ ದಾಟಿಕೊಳ್ಳುತ್ತದೆ. ಗೌಳಕ್ಕೆ ಬಂದರೆ ತೆಲುಗು ಶುರು, ರಾಯರ ದನಿ ಇಳಿಮುಖ. ಸಾಲಿನ ಕೊನೆಯ ಅಕ್ಷರವನ್ನಷ್ಟೇ ಹಿಡಿಯುತ್ತಾರೆ, ಅದನ್ನೂ ಕೊಂಚ ತಡವಾಗಿ. ಚರಣದ ಸ್ವರಗಳು ಬಂದಾಗ ತುಟಿ ಮಾತ್ರ ಆಡುತ್ತದೆ. ಆದಿತಾಳ ಮಾತ್ರ ತೊಡೆಯ ಮೇಲೆ ಜೋರಾಗಿಯೇ ಬೀಳುತ್ತಿರುತ್ತದೆ.

ಆರಭಿಯ 'ಸಾಧಿಂಚೆನೆ' ಅವರು ವರ್ಷವರ್ಷವೂ ಎಡವುವ ಜಾಗ. ಅಲ್ಲಿ ಚರಣ ಮುಗಿದ ಮೇಲೆ ಮರಳಬೇಕಾದ್ದು ಪಲ್ಲವಿಗಲ್ಲ, ಅನುಪಲ್ಲವಿಯ ಬೆನ್ನಿಗಿರುವ ಸಾಲಿಗೆ. ಸಭೆಯೆಲ್ಲ ಅತ್ತ ತಿರುಗಿದಾಗ ರಾಯರೊಬ್ಬರೇ ತುಂಬುಕಂಠದಿಂದ ಪಲ್ಲವಿ ಎತ್ತಿಬಿಡುತ್ತಾರೆ. ಅಕ್ಕಪಕ್ಕದವರು ತಿರುಗಿ ನೋಡಿದರೆ ಇವರೂ ತಿರುಗಿ ಹಿಂದಿನ ಸಾಲನ್ನು ನೋಡುತ್ತಾರೆ.

ವರಾಳಿಗೆ ಅವರ ಹತ್ತಿರ ಆಧಾರವೇ ಉಂಟು. ಆ ರಾಗವನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಟ್ಟರೆ ಇಬ್ಬರಿಗೂ ಕೆಡುತ್ತದೆ, ಶಿಷ್ಯ ಕೇಳಿಯೇ ಕಲಿಯಬೇಕು ಎಂಬುದು ಹಳೆಯ ನಂಬಿಕೆ. ಹಾಗಾಗಿ 'ಕನಕನ ರುಚಿರಾ' ಬಂದಾಗ ಅನೇಕರು ಗುನುಗುವವರೇ. ರಾಯರು ಕಣ್ಣು ಮುಚ್ಚುತ್ತಾರೆ. ಕೇಳಿ ಕಲಿಯುತ್ತಿದ್ದಾರೆ, ನಿವೃತ್ತಿಗೂ ಮುಂಚಿನಿಂದ.

ಕೊನೆಗೆ ಶ್ರೀರಾಗ. 'ಎಂದರೋ ಮಹಾನುಭಾವುಲು' ಶುರುವಾದದ್ದೇ ತಡ, ಕಂಬದ ಪಕ್ಕದಿಂದ ಹೊರಟ ದನಿಗೆ ಮೃದಂಗದವರೂ ಒಮ್ಮೆ ತಲೆಯೆತ್ತುತ್ತಾರೆ.

ಲಂಡನ್ನಿನ ಮಗ ಒಮ್ಮೆ ಫೋನಿನಲ್ಲಿ ಹೇಳಿದ: ಇಲ್ಲಿನ ರಾಯಲ್ ಆಲ್ಬರ್ಟ್ ಹಾಲಿನಲ್ಲೂ 1974ರಿಂದ ಜನ ಪುಸ್ತಕ ಹಿಡಿದು ಬಂದು ಹ್ಯಾಂಡೆಲ್‌ನ 'ಮೆಸ್ಸಾಯ' ಒಟ್ಟಿಗೆ ಹಾಡುತ್ತಾರೆ, ಅಪ್ಪ. "ನಮ್ಮದರ ನಕಲು" ಎಂದು ರಾಯರು ತೀರ್ಪು ಕೊಟ್ಟರು. ಆ ಕೃತಿ ಡಬ್ಲಿನ್‌ನಲ್ಲಿ ಮೊದಲು ಕೇಳಿಸಿದ್ದು 1742ರಲ್ಲಿ; ತ್ಯಾಗರಾಜರು ಹುಟ್ಟಿದ್ದೇ 1767ರಲ್ಲಿ. ಆದರೂ ರಾಯರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎಲ್ಲರೂ ಕೂತು ಪಂಚರತ್ನ ಹಾಡುವ ಪದ್ಧತಿ ತ್ಯಾಗರಾಜರ ಸಮಾಧಿಯಿರುವ ತಿರುವೈಯಾರಿನಲ್ಲಿ ನೆಲೆಯಾದದ್ದು 1940ರ ದಶಕದಲ್ಲಿ, ಆಲ್ಬರ್ಟ್ ಹಾಲಿಗಿಂತ ಮೊದಲು.

ಆ ತಿರುವೈಯಾರಿನ ಮಾತು ಬಂದರೆ ರಾಯರು ಎದೆಯುಬ್ಬಿಸುತ್ತಾರೆ: "ಸಮಾಧಿಗೆ ಗುಡಿ ಕಟ್ಟಿಸಿದ್ದು ನಮ್ಮ ಬೆಂಗಳೂರು ನಾಗರತ್ನಮ್ಮ!" ಇದು ಅಪ್ಪಟ ನಿಜ. ನಂಜನಗೂಡಿನಲ್ಲಿ ಹುಟ್ಟಿದ ಆಕೆ 1920ರ ದಶಕದಲ್ಲಿ ತಮ್ಮ ಗಳಿಕೆಯನ್ನೆಲ್ಲ ಅದಕ್ಕೆ ಸುರಿದರು. ಅಲ್ಲಿ ಹೆಂಗಸರಿಗೆ ಹಾಡಲು ಬಿಡುತ್ತಿರಲಿಲ್ಲವೆಂದು ಹೆಂಗಸರದೇ ಆರಾಧನೆ ನಡೆಸಿದರು. ಈ ಎರಡನೆಯ ಭಾಗ ಬರುವ ಹೊತ್ತಿಗೆ ರಾಯರಿಗೆ ಕಾಫಿ ನೆನಪಾಗುತ್ತದೆ.

ಅವರ ಮನೆಯಾಕೆ ಗೋಷ್ಠಿಯ ಹೊತ್ತಿನಲ್ಲಿ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿರುತ್ತಾರೆ. ಐದೂ ಕೃತಿ, ಸ್ವರಸಮೇತ, ಅವರಿಗೆ ಬಾಯಿಪಾಠ. ಆಟೋದಲ್ಲಿ ವಾಪಸ್ ಬರುವಾಗ ರಾಯರು ಆರಭಿ ಗುನುಗುತ್ತಾರೆ.

"ಅಲ್ಲಿ ಪಲ್ಲವಿಗೆ ಹೋಗಬಾರದೂರೀ."

"ಗೊತ್ತು ಕಣೇ. ಹಿಂದಿನ ಸಾಲಿನವರು ತಪ್ಪಿಸಿಬಿಟ್ಟರು."